ಈಸುವವರಿಲ್ಲದ ನಾಲ್ಕು ತಿಂಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಿರಿಯರನ್ನು ಈಸು ಎಲ್ಲಿ ಕಲಿತಿರಿ ಎಂದು ಕೇಳಿದರೆ ಹೆಚ್ಚಿನವರು ತೋಟದ ಬಾವಿಯತ್ತ ಕೈ ತೋರಿಸುತ್ತಾರೆ. ಬೇಸಿಗೆ ರಜೆ ಬಂತೆಂದರೆ ಬೆನ್ನಿಗೆ ಬೆಂಡನ್ನೋ ಒಣ ಸೋರೆಬುರುಡೆಯನ್ನೋ ತಗಡಿನ ಡಬ್ಬಿಯನ್ನೋ ಕಟ್ಟಿಸಿಕೊಂಡ ಹುಡುಗರು ಕಟ್ಟೆಯ ಮೇಲಿಂದ ಧುಮುಕುತ್ತಿದ್ದರು. ಈಗ ಅಂಥ ಬಾವಿಗಳ ಕೆಲಸವನ್ನು ಬಹುಮಟ್ಟಿಗೆ ಬೋರ್‌ವೆಲ್ಲುಗಳು ಮಾಡುತ್ತಿವೆ. ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆಗಳಲ್ಲಿ, ಊರ ಹೊರಗಿನ ಹೊಸ ಬಂಗಲೆಗಳಲ್ಲಿ ಅಲ್ಲಲ್ಲಿ ನೀಲಿ ಟೈಲ್ಸಿನ ಈಜುಕೊಳ ತಲೆಯೆತ್ತಿದೆ.

ಕೊಳ ಕಟ್ಟಿಸುವಾಗ ಮನೆಯವರ ಕಣ್ಣಮುಂದೆ ಇರುವುದು ಏಪ್ರಿಲ್, ಮೇ ತಿಂಗಳು ಮಾತ್ರ. ದೀಪಾವಳಿ ಮುಗಿದು ಥಂಡಿ ಶುರುವಾದ ಮೇಲೆ ಅದರತ್ತ ಸುಳಿಯುವವರು ಕಡಿಮೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಈ ಭಾಗದ ತಾಪಮಾನ ಬಹುತೇಕ 12ರಿಂದ 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಸ್ಪರ್ಧೆಯ ಈಜುಕೊಳದ ನೀರು 25ರಿಂದ 28 ಡಿಗ್ರಿ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಬಿಸಿ ಮಾಡುವ ವ್ಯವಸ್ಥೆಯಿಲ್ಲದ ಮನೆಯ ಕೊಳ ಚಳಿಗಾಲದಲ್ಲಿ ಅದಕ್ಕಿಂತ ಸಾಕಷ್ಟು ತಣ್ಣಗಿರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ನಾಲ್ಕು ತಿಂಗಳು ನೀರು ಸುಮ್ಮನೆ ನಿಂತಿರುತ್ತದೆ.

ಆ ನಾಲ್ಕು ತಿಂಗಳಿಗೆ ಮಾಲೀಕರು ಹುಡುಕುವ ದಾರಿ ಸಾಮಾನ್ಯವಾಗಿ ಮೂರು. ಕೆಲವರು ನೀರನ್ನೆಲ್ಲ ಹೊರಗೆ ಬಿಟ್ಟು ಕೊಳ ಒಣಗಿಸುತ್ತಾರೆ. ಕೆಲವರು ಮೋಟಾರು ಬಂದ್ ಮಾಡಿ ಮರೆತುಬಿಡುತ್ತಾರೆ. ಇನ್ನು ಕೆಲವರು ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊ ನೋಡಿ ಅಲ್ಲಿಯವರಂತೆ ಕೊಳ ಮುಚ್ಚಲು ಹೊರಡುತ್ತಾರೆ. ಘಟಪ್ರಭಾ ನದಿಯ ಈ ಸೀಮೆಗೆ ಆ ಮೂರೂ ಹೊಂದುವುದಿಲ್ಲ.

ಅಲ್ಲಿ ಹೆದರಿಕೆ ಹಿಮದ್ದು

ನ್ಯೂಜೆರ್ಸಿ, ಮಿಷಿಗನ್ ಕಡೆಯ ಕನ್ನಡ ಕುಟುಂಬಗಳಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿತ್ತಲ ಕೊಳ ಮುಚ್ಚುವುದು ವರ್ಷದ ಕಟ್ಟಳೆಯ ಕೆಲಸ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪು, ಪಂಪು, ಫಿಲ್ಟರಿನೊಳಗೆ ನಿಂತ ನೀರು ಹೀಗೆ ಹಿಗ್ಗಿದರೆ ಅವು ಸೀಳಿಹೋಗುತ್ತವೆ. ಅದಕ್ಕಾಗಿ ಅಲ್ಲಿ ನೀರಿನ ಮಟ್ಟ ಇಳಿಸಿ, ಕಂಪ್ರೆಸರಿನಿಂದ ಗಾಳಿ ಊದಿ ಪೈಪುಗಳನ್ನು ಬರಿದು ಮಾಡಿ, ಬಾಯಿಗೆ ಬಿರಡೆ ಹಾಕಿ, ಬೇಕಾದ ಕಡೆ ಹೆಪ್ಪುಗಟ್ಟದ ದ್ರವ ತುಂಬಿ, ಮೇಲೆ ಗಟ್ಟಿ ಹೊದಿಕೆ ಎಳೆಯುತ್ತಾರೆ. ಮತ್ತೆ ಅದನ್ನು ತೆಗೆಯುವುದು ವಸಂತದಲ್ಲಿ.

ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದು 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನಲ್ಲಿ ಕಂಡಿತು. ಚಳಿ ಅಷ್ಟಾಗಿ ಕಾಡದ ಆ ರಾಜ್ಯದಲ್ಲಿ ವರ್ಷವಿಡೀ ಕೊಳ ತೆರೆದಿಡುವುದು ರೂಢಿ. ಹಿಮಗಾಳಿ ಬೀಸಿದಾಗ ಲಕ್ಷಾಂತರ ಮನೆಗಳ ವಿದ್ಯುತ್ ಹೋಯಿತು, ಪಂಪುಗಳು ನಿಂತವು, ಹರಿಯದ ನೀರು ಪೈಪುಗಳೊಳಗೇ ಗಡ್ಡೆಕಟ್ಟಿತು. ಸಾಕಷ್ಟು ಕನ್ನಡಿಗರು ನೆಲೆಸಿರುವ ಡಲ್ಲಾಸ್ ಸುತ್ತಮುತ್ತಲೂ ಕೊಳಗಳ ಪಂಪು, ಫಿಲ್ಟರುಗಳು ಒಡೆದವು.

ಗೋಕಾಕದಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಕಂಪ್ರೆಸರ್, ಬಿರಡೆ, ಹೆಪ್ಪುಗಟ್ಟದ ದ್ರವ ಯಾವುದಕ್ಕೂ ಹಣ ಹಾಕಬೇಕಿಲ್ಲ. ಇಲ್ಲಿಯ ತೊಂದರೆಗಳು ಬೇರೆ. ಮಣ್ಣು, ಅಂತರ್ಜಲ, ಗಡಸು ನೀರು, ಸೊಳ್ಳೆ ಮತ್ತು ಕಬ್ಬಿನ ಹಂಗಾಮಿನ ಕರಿ.

ಖಾಲಿ ಮಾಡಿದರೆ ಅಪಾಯ

ಕೊಳದೊಳಗಿನ ನೀರು ಈಸಲಿಕ್ಕಷ್ಟೇ ಅಲ್ಲ, ಕೊಳದ ಗೋಡೆ ಮತ್ತು ತಳಕ್ಕೂ ಆಸರೆ. ಒಂದು ಲೆಕ್ಕ ನೋಡಬಹುದು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಅದರ ತೂಕ 45 ಟನ್. ಹೊರಗಿನ ನೆಲದಲ್ಲಿ ಅಂತರ್ಜಲದ ಮಟ್ಟ ಕೊಳದ ತಳಕ್ಕಿಂತ ಒಂದು ಮೀಟರ್ ಮೇಲಿದ್ದರೆ, 32 ಚದರ ಮೀಟರಿನ ಆ ತಳವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವ ಒತ್ತಡ 32 ಟನ್ನಿನಷ್ಟಾಗುತ್ತದೆ. ಒಳಗೆ ನೀರಿರುವವರೆಗೆ ಎರಡೂ ಸರಿತೂಗುತ್ತವೆ. ನೀರು ತೆಗೆದ ಕೂಡಲೇ ತಳ ಬಿರುಕು ಬಿಡಬಹುದು, ಟೈಲ್ಸ್ ಕಿತ್ತು ಬರಬಹುದು, ಹಗುರ ಫೈಬರ್ ಕೊಳವಾದರೆ ಇಡಿಯಾಗಿ ಮೇಲೆದ್ದು ಬರಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಆ ಭಯ ಹೆಚ್ಚು. 1897ರಲ್ಲಿ ಪೂರ್ಣಗೊಂಡ ಧೂಪದಾಳ ಒಡ್ಡು, ಆಮೇಲೆ ಬಂದ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಅಂದರೆ 51 ಟಿಎಂಸಿ ಅಡಿ ಸಾಮರ್ಥ್ಯದ ರಾಜಾ ಲಖಮಗೌಡ ಅಣೆಕಟ್ಟು, ಇವು ಘಟಪ್ರಭೆಯ ನೀರನ್ನು ಕಾಲುವೆಗಳ ಮೂಲಕ ಹೊಲಗಳಿಗೆ ಹರಿಸಿವೆ. ಕಾಲುವೆ ಬದಿಯ ಹೊಲಗಳಲ್ಲಿ ಮಳೆಗಾಲ ಮುಗಿದ ಮೇಲೂ ನೆಲ ತೇವ ಹಿಡಿದೇ ಇರುತ್ತದೆ, ಅಂತರ್ಜಲ ಮೇಲೇ ಇರುತ್ತದೆ. ನದಿಯ ದಂಡೆಯ ಊರುಗಳ ಕತೆ ಇನ್ನೂ ಬೇರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕ ಪಟ್ಟಣದೊಳಕ್ಕೇ ನೀರು ನುಗ್ಗಿತ್ತು.

ಇದರ ಜೊತೆಗೆ ಎರೆಮಣ್ಣು. ಹುಕ್ಕೇರಿಯ ಪಶ್ಚಿಮದ ಅಂಚಿನಿಂದ ಪೂರ್ವದ ಮೂಡಲಗಿಯತ್ತ ಸರಿದಂತೆ ಮಳೆ ಕಡಿಮೆಯಾಗುತ್ತದೆ, ಕಪ್ಪು ನೆಲ ಹೆಚ್ಚುತ್ತದೆ. ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಬಿರಿಯುವ ಈ ಮಣ್ಣು ಗೋಡೆಗಳನ್ನು ಪಕ್ಕದಿಂದ ಒತ್ತುತ್ತಲೇ ಇರುತ್ತದೆ. ಎದುರು ಒತ್ತು ಕೊಡಲು ಒಳಗೆ ನೀರಿಲ್ಲದ ಗೋಡೆ ಎಷ್ಟು ವರ್ಷ ತಡೆದೀತು? ಕೊಳ ಖಾಲಿ ಮಾಡಲೇಬೇಕಾದ ರಿಪೇರಿ ಇದ್ದರೆ ಅದಕ್ಕೆ ಸರಿಯಾದ ಕಾಲ ನೆಲ ಒಣಗಿರುವ ಬೇಸಿಗೆ. ಅದೂ ಅನುಭವವಿರುವ ಎಂಜಿನಿಯರನ್ನು ಕೇಳಿದ ಮೇಲೆ.

ಮರೆತರೂ ಅಪಾಯ

ಹಳೆಯ ತೋಟದ ಬಾವಿಗೆ ಯಾರೂ ಔಷಧ ಹಾಕುತ್ತಿರಲಿಲ್ಲ, ಆದರೂ ನೀರು ಕೆಡುತ್ತಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಅದಕ್ಕೆ ಕಾರಣಗಳಿದ್ದವು. ಬಾವಿ ಆಳ, ತಳಕ್ಕೆ ಬಿಸಿಲು ಬೀಳುವುದು ಕಡಿಮೆ. ದಿನವೂ ಮೋಟಾರು ನೀರೆತ್ತುತ್ತಿತ್ತು, ಸೆಲೆಯಿಂದ ಹೊಸ ನೀರು ಬರುತ್ತಿತ್ತು, ಹುಳು ತಿನ್ನಲು ಮೀನುಗಳಿದ್ದವು. ಮನೆಯ ಈಜುಕೊಳವೆಂದರೆ ಸೆಲೆಯಿಲ್ಲದ, ಮೀನಿಲ್ಲದ, ಬಿಸಿಲಿಗೆ ಮೈಯೊಡ್ಡಿದ ಆಳವಿಲ್ಲದ ಬಾವಿ. ಅದರ ನೀರನ್ನು ಮನುಷ್ಯರೇ ತಿರುಗಿಸಬೇಕು, ಮನುಷ್ಯರೇ ಶುಚಿಯಾಗಿಡಬೇಕು.

ಮೋಟಾರು ನಿಲ್ಲಿಸಿದ ಕೊಳದಲ್ಲಿ ಮೊದಲು ಕ್ಲೋರಿನ್ ಮುಗಿಯುತ್ತದೆ. ಮಳೆಗಾಲದ ಮೋಡ ಸರಿದು ನಿಚ್ಚಳವಾದ ಆಕಾಶದ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು, ಬಿಸಿಲಿನಿಂದ ಕಾಯುವ ರಾಸಾಯನಿಕ ಬೆರೆಸದ ಕೊಳದ ಕ್ಲೋರಿನ್ನಿನಲ್ಲಿ ಅರ್ಧದಷ್ಟನ್ನು ಒಂದು ಗಂಟೆಯೊಳಗೇ ಇಲ್ಲವಾಗಿಸಬಲ್ಲವು. ಆಮೇಲೆ ಗೋಡೆ ಜಾರತೊಡಗುತ್ತದೆ, ನೀರು ಹಸಿರಾಗುತ್ತದೆ. ಚಳಿಯಲ್ಲಿ ಪಾಚಿ ನಿಧಾನವಾಗಿ ಬೆಳೆಯುತ್ತದೆ ನಿಜ. ಆದರೆ ಇಲ್ಲಿಯ ಹಗಲು ಅದನ್ನು ಪೂರ್ತಿ ನಿಲ್ಲಿಸುವಷ್ಟು ತಣ್ಣಗಿರುವುದಿಲ್ಲ.

ಸೊಳ್ಳೆಗಂತೂ ಇದು ಹಬ್ಬ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಹಿತವಾದ ಶಾಖವಿದ್ದರೆ ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ದೊಡ್ಡ ಕೊಳಕ್ಕಿಂತ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಗುಂಡಿಗಳಲ್ಲಿ ನಿಂತ ಮಳೆನೀರು, ಪಂಪಿನ ಗುಂಡಿಯ ತಳದ ನೀರು ಅದಕ್ಕೆ ಇನ್ನೂ ಪ್ರಿಯ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಂಗಳದಲ್ಲಿ ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಹಾಕುವ ನಿಯಮ ತಂದಿತು.

ಕೊಳವನ್ನು ನಿಜಕ್ಕೂ ನೋಡಿಕೊಳ್ಳಲು ಆಗದವರಿಗೆ ಒಂದು ದಾರಿಯಿದೆ. ಕ್ಲೋರಿನ್ ಪೂರ್ತಿ ಇಳಿದ ಮೇಲೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡುವುದು. ಆರೋಗ್ಯ ಇಲಾಖೆ ಕೆರೆ, ಬಾವಿಗಳಲ್ಲಿ ಸೊಳ್ಳೆ ಮರಿಗಳನ್ನು ತಿನ್ನಿಸಲು ಬಳಸುವ ಮೀನುಗಳಿವು. ಆದರೆ ಮೀನನ್ನೂ ಕ್ಲೋರಿನ್ನನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು. ಮೀನು ಬಿಟ್ಟ ಕೊಳದಲ್ಲಿ ಶುಚಿ ಮಾಡುವವರೆಗೆ ಯಾರೂ ಈಸಬಾರದು. ಗ್ಯಾಂಬೂಸಿಯಾ ಹೊರಗಿನ ಮೀನು, ಸ್ಥಳೀಯ ಮೀನುಗಳನ್ನು ಹಾಳುಮಾಡುವಂಥದ್ದು. ಮುಂದೆ ಆ ನೀರನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಬಿಡಬಾರದು.

ದೀಪಾವಳಿಗೆ ಮುಂಚೆ ಒಂದೆರಡು ದಿನದ ಕೆಲಸ

ಮಳೆ ಕೊಳಕ್ಕೆ ಮಣ್ಣು, ಎಲೆ, ಹುಳುಗಳನ್ನು ತಂದು ಸುರಿದಿರುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ತೆಳುವಾಗಿಸಿರುತ್ತದೆ. ಚಳಿಗಾಲದ ತಯಾರಿ ಎಂದರೆ ಈ ಮಳೆಗಾಲದ ಬಾಕಿ ತೀರಿಸುವುದು. ಮೊದಲು ಬಲೆಯಿಂದ ಎಲೆ ತೆಗೆದು, ಗೋಡೆ ಮತ್ತು ಮೆಟ್ಟಿಲ ಸಂದಿಗಳನ್ನು ಬ್ರಷ್ಷಿನಿಂದ ಉಜ್ಜಬೇಕು. ಪಾಚಿ ಗಟ್ಟಿಯಾಗಿ ಹಿಡಿದ ಜಾಗಕ್ಕೆ ಯಾವ ರಾಸಾಯನಿಕ ಸುರಿದರೂ ಬ್ರಷ್ಷಿಲ್ಲದೆ ಪ್ರಯೋಜನವಿಲ್ಲ. ನೀರು ಮಣ್ಣುಬಣ್ಣವಾಗಿದ್ದರೆ ಸಾವಿರ ಲೀಟರಿಗೆ 10ರಿಂದ 20 ಗ್ರಾಂ ಲೆಕ್ಕದಲ್ಲಿ ಪಟಿಕ ಕರಗಿಸಿ ಹಾಕಿ, ರಾತ್ರಿ ಮೋಟಾರು ನಿಲ್ಲಿಸಿದರೆ ಮಣ್ಣು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಆ ಕೆಸರನ್ನು ಫಿಲ್ಟರಿಗೆ ಬಿಡದೆ ನೇರ ಹೊರಗೆ ಹೀರಿ ತೆಗೆಯಬೇಕು.

ಇಷ್ಟಾದ ಮೇಲೆ ಪರೀಕ್ಷೆ. ಅಂಗಡಿಯಲ್ಲಿ ಸಿಗುವ ಪಟ್ಟಿ ಅಥವಾ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಕು. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಅನೇಕರು ಇದನ್ನು ಬಿಟ್ಟು ನೇರವಾಗಿ ಕ್ಲೋರಿನ್ ಸುರಿಯುತ್ತಾರೆ, ದುಡ್ಡು ಪೋಲಾಗುವುದು ಅಲ್ಲೇ. ಪಿಎಚ್ 7.5 ಇದ್ದಾಗ ನೀರಿನಲ್ಲಿರುವ ಕ್ಲೋರಿನ್ನಿನ ಅರ್ಧದಷ್ಟು ಭಾಗ ರೋಗಾಣು ಕೊಲ್ಲುವ ಬಲವಾದ ರೂಪದಲ್ಲಿರುತ್ತದೆ. ಅದು 8ಕ್ಕೆ ಏರಿದರೆ ಸುಮಾರು ಕಾಲು ಭಾಗ ಮಾತ್ರ. ಪಾತ್ರೆಯಲ್ಲಿ ಬಿಳಿ ಪರೆ ಕಟ್ಟಿಸುವ ಬೋರ್‌ವೆಲ್ ನೀರು ತುಂಬಿದ ಕೊಳಗಳಲ್ಲಿ ಪಿಎಚ್ ಮೇಲಕ್ಕೇ ಹೋಗುತ್ತಿರುತ್ತದೆ. ಅದನ್ನು ಇಳಿಸಲು ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ, ಮೋಟಾರು ಓಡುತ್ತಿರುವಾಗಲೇ ಹಾಕಬೇಕು.

ಕ್ಲೋರಿನ್ ಕನಿಷ್ಠ ಲೀಟರಿಗೆ 1 ಮಿಲಿಗ್ರಾಂ ಇರಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 45,000 ಲೀಟರಿನ ಕೊಳದಲ್ಲಿ ಅಷ್ಟು ಏರಿಸಲು ಬೇಕಾಗುವುದು 45 ಗ್ರಾಂ ಕ್ಲೋರಿನ್. ಮೂರನೇ ಒಂದು ಭಾಗ ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರಾದರೆ ಸುಮಾರು 135 ಗ್ರಾಂ. ಶೇ. 10ರ ದ್ರವ ಹೈಪೊಕ್ಲೋರೈಟ್ ಆದರೆ ಅರ್ಧ ಲೀಟರಿಗೂ ಕಡಿಮೆ. ಬ್ಲೀಚಿಂಗ್ ಪೌಡರ್ ಬಳಸುವವರು ಅದನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಹಾಕಬೇಕು. ಮೊದಲೇ ಗಡಸಾದ ನೀರಿಗೆ ಇನ್ನಷ್ಟು ಸುಣ್ಣ ಸೇರಿಸದ ದ್ರವ ರೂಪವೇ ಲೇಸು. ಹಂಗಾಮಿನ ಆರಂಭದಲ್ಲಿ ಒಮ್ಮೆ ಕ್ಲೋರಿನ್ನನ್ನು 10 ಮಿಲಿಗ್ರಾಂ ಮಟ್ಟಕ್ಕೆ ಏರಿಸಿ ಪಾಚಿಯ ಬೇರು ಕೀಳಬಹುದು. ಅದು 3ಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು. ಹಾಕುವ ಹೊತ್ತು ಸೂರ್ಯ ಮುಳುಗಿದ ಮೇಲಿನದು, ಬಿಸಿಲು ತಿನ್ನದಿರಲೆಂದು.

ತೋಟದಲ್ಲಿ ಬೋರ್ಡೊ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ ಇದ್ದರೆ ಪಾಚಿಗೆ ಅದನ್ನೇ ಹಾಕುವ ಆಸೆ ಹುಟ್ಟುತ್ತದೆ. ಅಳತೆ ತಪ್ಪಿದರೆ ತಾಮ್ರ ಗೋಡೆಗೆ ಕಲೆ ಹಿಡಿಸುತ್ತದೆ, ಮೀನುಗಳಿಗೆ ವಿಷವಾಗುತ್ತದೆ. ಪಿಎಚ್ ಮತ್ತು ಕ್ಲೋರಿನ್ ಹದದಲ್ಲಿರುವ ಕೊಳಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ.

ಒಂದು ಎಚ್ಚರಿಕೆ ಮನೆಮಂದಿಗೆಲ್ಲ ಗೊತ್ತಿರಬೇಕು. ಬ್ಲೀಚಿಂಗ್ ಪೌಡರಿಗೂ ಆಮ್ಲಕ್ಕೂ ಭೇಟಿಯಾಗಲು ಬಿಡಬಾರದು. ಎರಡೂ ಬೆರೆತರೆ ಹೊರಬರುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿ, ಮಾತ್ರೆಗಳನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಯಾವಾಗಲೂ ರಾಸಾಯನಿಕವನ್ನು ನೀರಿಗೆ ಹಾಕಬೇಕು, ರಾಸಾಯನಿಕದ ಮೇಲೆ ನೀರು ಸುರಿಯಬಾರದು.

ಕಬ್ಬಿನ ಹಂಗಾಮಿನ ಕರಿ

ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ ಸೇರಿ ಈ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಹಲವು. ಮಳೆಗಾಲ ಮುಗಿಯುತ್ತಿದ್ದಂತೆ ಕಬ್ಬು ನುರಿಸುವ ಹಂಗಾಮು ಶುರು. ಕಟಾವಾದ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಇಡುವುದನ್ನು ಕೃಷಿ ವಿಜ್ಞಾನಿಗಳು ಬೇಡವೆಂದು ಹೇಳುತ್ತಲೇ ಬಂದಿದ್ದಾರೆ, ಆದರೂ ಅದು ನಿಂತಿಲ್ಲ. ಸುಟ್ಟ ಎಲೆಯ ಕರಿ ಗಾಳಿಯಲ್ಲಿ ತೇಲಿ ಅಂಗಳ, ಒಗೆದು ಹಾಕಿದ ಬಟ್ಟೆ, ಕೊಳ ಎಲ್ಲದರ ಮೇಲೂ ಇಳಿಯುತ್ತದೆ. ನ್ಯೂಜೆರ್ಸಿಯ ಯಾವ ವಿಡಿಯೊದಲ್ಲೂ ಇದಕ್ಕೆ ಉಪಾಯ ಸಿಗದು.

ಕರಿ ಕೆಲ ಹೊತ್ತು ನೀರಿನ ಮೇಲೆ ತೇಲುತ್ತಿರುವಾಗಲೇ ಬಲೆಯಿಂದ ಎತ್ತಿದರೆ ಕೆಲಸ ಸುಲಭ. ತಳ ಸೇರಿದರೆ ಉಜ್ಜಿದಷ್ಟೂ ಹರಡುತ್ತದೆ. ಪಕ್ಕದ ಹೊಲದಲ್ಲಿ ಬೆಂಕಿ ಬೀಳುವ ದಿನ ಕೊಳಕ್ಕೆ ಹೊದಿಕೆ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮರಳು ಫಿಲ್ಟರಿನ ಮೀಟರಿನಲ್ಲಿ ಒತ್ತಡ ಶುಚಿಯಾಗಿದ್ದಾಗಿನದಕ್ಕಿಂತ 8ರಿಂದ 10 ಪಿಎಸ್‌ಐ ಹೆಚ್ಚಿದರೆ ನೀರನ್ನು ಉಲ್ಟಾ ಹಾಯಿಸಿ ಮರಳು ತೊಳೆಯಬೇಕು. ಈ ಹಂಗಾಮಿನಲ್ಲಿ ಆ ಕೆಲಸ ಬೇಗಬೇಗ ಬರುತ್ತದೆ.

ಚಳಿಗಾಲದಲ್ಲಿ ಉಳಿತಾಯವೂ ಇದೆ. ಬೇಸಿಗೆಯಲ್ಲಿ ದಿನಕ್ಕೆ ಎಂಟು ಗಂಟೆ ಓಡುವ ಪಂಪು ಈಗ ನಾಲ್ಕು ಗಂಟೆ ಓಡಿದರೆ ಸಾಕು. ಒಂದು ಅಶ್ವಶಕ್ತಿಯ ಪಂಪಿಗೆ ಗಂಟೆಗೆ ಮುಕ್ಕಾಲು ಯೂನಿಟ್ ಹಿಡಿದರೂ ತಿಂಗಳಿಗೆ ಸುಮಾರು 90 ಯೂನಿಟ್ ವಿದ್ಯುತ್ ಉಳಿಯುತ್ತದೆ. ಮೋಟಾರನ್ನು ದಿನಾ ಓಡಿಸಲೇಬೇಕು, ಕರೆಂಟು ಹೋಗಿಬರುವ ಹಳ್ಳಿಗಳಲ್ಲಿ ಟೈಮರಿನ ಗಡಿಯಾರ ಹಿಂದೆ ಬಿದ್ದಿದೆಯೇ ಎಂದು ಆಗಾಗ ನೋಡಬೇಕು. ಮಳೆಗಾಲದ ತೇವ ತಿಂದ ವೈರು, ಕೊಳದೊಳಗಿನ ದೀಪ, ಶಾಕ್ ತಡೆಯುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಲು ಇದೇ ಸರಿಯಾದ ಕಾಲ.

ನೀರು ಎಲ್ಲಿ ಹೋಯಿತು?

ಚಳಿಗಾಲದ ಒಣ ಗಾಳಿ ನೀರನ್ನು ಮೆಲ್ಲಗೆ ಕುಡಿಯುತ್ತದೆ. 32 ಚದರ ಮೀಟರಿನ ಕೊಳದಲ್ಲಿ ಮಟ್ಟ ಒಂದು ಮಿಲಿಮೀಟರ್ ಇಳಿದರೆ ಹೋದದ್ದು 32 ಲೀಟರ್. ದಿನಕ್ಕೆ 4 ಮಿಲಿಮೀಟರ್ ಎಂದು ಹಿಡಿದರೆ ನಾಲ್ಕು ತಿಂಗಳಲ್ಲಿ 15,000 ಲೀಟರಿಗೂ ಹೆಚ್ಚು. ಹೊದಿಕೆ ಹಾಕಿದರೆ ಕೊಳಕ್ಕೆ ಮತ್ತೆ ತುಂಬಿಸುವ ನೀರಿನಲ್ಲಿ ಶೇ. 30ರಿಂದ 50ರಷ್ಟು ಉಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು.

ಮಟ್ಟ ಅದಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ ಸೋರಿಕೆಯ ಗುಮಾನಿ ಸಹಜ. ಪತ್ತೆಗೆ ಒಂದು ಬಕೆಟ್ ಸಾಕು. ಅದಕ್ಕೆ ಕೊಳದ್ದೇ ನೀರು ತುಂಬಿ, ಮೆಟ್ಟಿಲ ಮೇಲೆ ಮುಕ್ಕಾಲು ಮುಳುಗುವಂತೆ ಇಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿ. ಹೊರಗಿನದು ಹೆಚ್ಚು ಇಳಿದಿದ್ದರೆ ಕೊಳ ಸೋರುತ್ತಿದೆ. ಎರೆಮಣ್ಣಿನಲ್ಲಿ ಸೋರಿಕೆಯನ್ನು ಹಾಗೇ ಬಿಟ್ಟರೆ ಗೋಡೆಯ ಪಕ್ಕದ ನೆಲ ಹಿಗ್ಗಿ ಬಿರುಕು ಇನ್ನಷ್ಟು ದೊಡ್ಡದಾಗುತ್ತದೆ.

ಬೇಲಿ ಹಾಕದ ಕೊಳ

ಯಾರೂ ಈಸದ ಕಾಲದಲ್ಲಿ ಕೊಳದ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚುವುದು ಆಗಲೇ. ಹಸಿರಾದ ನೀರಿನಲ್ಲಿ ಬಿದ್ದವರು ಕಾಣುವುದೂ ಇಲ್ಲ. ತೆಳು ಪ್ಲಾಸ್ಟಿಕ್ ಹೊದಿಕೆ ಆವಿ ತಡೆಯಲಷ್ಟೇ ಇರುವುದು, ಮಗುವಿನ ಭಾರ ತಡೆಯುವುದಿಲ್ಲ. ಮೇಲೆ ಕಾಲಿಟ್ಟ ಮಗುವನ್ನು ಅದು ಸುತ್ತಿಕೊಂಡು ಮುಳುಗುತ್ತದೆ. ಫ್ರಾನ್ಸಿನಲ್ಲಿ ಖಾಸಗಿ ಕೊಳಗಳಿಗೆ ಬೇಲಿ, ಗಟ್ಟಿ ಹೊದಿಕೆ ಅಥವಾ ಅಲಾರಂನಂಥ ಒಂದು ರಕ್ಷಣೆ ಇರಲೇಬೇಕೆಂಬ ಕಾನೂನು 2003ರಲ್ಲೇ ಬಂತು. ಕರ್ನಾಟಕದ ಕೃಷಿ ಭಾಗ್ಯ ಯೋಜನೆಯಲ್ಲೂ ಕೃಷಿ ಹೊಂಡದ ಜೊತೆಗೆ ತಂತಿ ಬೇಲಿಗೆ ನೆರವು ಸಿಗುತ್ತದೆ. ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಬಿದ್ದವರು ಮೇಲೆ ಹತ್ತಿ ಬರುವುದು ಎಷ್ಟು ಕಷ್ಟವೆಂದು ಹಳ್ಳಿಯವರಿಗೆ ಗೊತ್ತು. ಲಕ್ಷಗಟ್ಟಲೆ ಸುರಿದು ಕೊಳ ಕಟ್ಟಿಸಿದವರು ನಾಲ್ಕು ಅಡಿ ಎತ್ತರದ ಬೇಲಿಗೆ, ತಾನಾಗಿ ಮುಚ್ಚಿಕೊಳ್ಳುವ ಗೇಟಿಗೆ ಹಿಂದೆಮುಂದೆ ನೋಡಬಾರದು.

ಇಷ್ಟೆಲ್ಲ ಜತನ ಮಾಡಿದ್ದರ ಫಲ ಕಾಣುವುದು ಮಾರ್ಚಿನಲ್ಲಿ. 2024ರ ಮಾರ್ಚಿನ ಬರಗಾಲದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಗೋಕಾಕ ಸೀಮೆಯಲ್ಲಿ ಅಂಥ ಆದೇಶ ಬರಲಿ, ಬಾರದಿರಲಿ, ಲೆಕ್ಕ ಬದಲಾಗದು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. 45,000 ಲೀಟರ್ ಎಂದರೆ ಐದು ಜನರ ಮನೆಗೆ ಐದು ತಿಂಗಳಿಗೂ ಹೆಚ್ಚಿನ ನೀರು. ಚಳಿಗಾಲದಲ್ಲಿ ಕೆಡಲು ಬಿಟ್ಟ ಕೊಳವನ್ನು ಬೇಸಿಗೆಯ ಬಾಗಿಲಲ್ಲಿ ಬರಿದು ಮಾಡಿ ತುಂಬಿಸಬೇಕಾದರೆ 5,000 ಲೀಟರಿನ ಒಂಬತ್ತು ಟ್ಯಾಂಕರು ಬೇಕು. ನೋಡಿಕೊಂಡ ಕೊಳಕ್ಕೆ ಆವಿಯಾದಷ್ಟು ನೀರು ಸೇರಿಸಿದರೆ ಸಾಕು.